ಜಾಗ ಅರ್ಹತೆಗೆ, ಋಣ ಮನುಷ್ಯನಿಗೆ

ಫುಟ್‌ಬಾಲ್ ನೋಡುವ ಪ್ರತಿಯೊಬ್ಬನ ತಲೆಯಲ್ಲೂ ಒಂದು ತಂಡ ಇರುತ್ತದೆ. ಮೈದಾನದಲ್ಲಿ ಆಡುತ್ತಿರುವ ತಂಡವಲ್ಲ, ಆಡಬೇಕಾಗಿದ್ದ ತಂಡ. ಯಾರನ್ನು ಕೊಳ್ಳಬೇಕು, ಯಾರನ್ನು ಬಿಡಬೇಕು, ಯಾರಿಗೆ ವಯಸ್ಸಾಯಿತು, ಯಾರನ್ನು ಈ ವರ್ಷವೇ ಮಾರಿದರೆ ಲಾಭ ಎಂಬ ಲೆಕ್ಕ ಸದಾ ನಡೆಯುತ್ತಿರುತ್ತದೆ. ಇಲ್ಲಿ ನಾವು ಬಳಸುವ ಕ್ರಿಯಾಪದಗಳನ್ನು ಒಮ್ಮೆ ಗಮನಿಸಿ. ಕೊಳ್ಳುವುದು, ಮಾರುವುದು, ಬಿಡುವುದು, ಎರವಲು ಕೊಡುವುದು. ಇವೆಲ್ಲ ದನದ ಸಂತೆಯ ಮಾತುಗಳು. ಅಲ್ಲಿ ಹಲ್ಲು ಹಿಡಿದು ವಯಸ್ಸು ನೋಡುತ್ತಾರೆ, ಇಲ್ಲಿ ಹುಟ್ಟಿದ ವರ್ಷ ನೋಡುತ್ತೇವೆ.

ಪ್ರಶಸ್ತಿಗೆ ಪೈಪೋಟಿ ಕೊಡಬಲ್ಲ ತಂಡ ಕಟ್ಟಬೇಕಾದರೆ ಮನುಷ್ಯರನ್ನು ಹೀಗೆ ಎಣಿಸುವುದು ಅನಿವಾರ್ಯವೇ? ಅನಿವಾರ್ಯವಾದರೆ ಅದಕ್ಕೆ ಎಲ್ಲಾದರೂ ಒಂದು ಎಲ್ಲೆ ಇದೆಯೇ? ನನಗೆ ಇದು ಆಟದ ಪ್ರಶ್ನೆಗಿಂತ ನೀತಿಯ ಪ್ರಶ್ನೆಯಾಗಿ ಕಾಣುತ್ತದೆ.

ಕೂಡ್ಲಿಗಿ ಸೀಮೆಯವನು ಫುಟ್‌ಬಾಲ್ ತಂಡದ ಬಗ್ಗೆ ಬರೆಯುವುದು ಕೆಲವರಿಗೆ ವಿಚಿತ್ರ ಅನ್ನಿಸಬಹುದು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಈ ಐದು ತಾಲ್ಲೂಕುಗಳಲ್ಲಿ ಹುಡುಗರು ಆಡುವುದು ಕ್ರಿಕೆಟ್, ಕಬಡ್ಡಿ, ವಾಲಿಬಾಲ್. ಆದರೆ ಬೆಂಗಳೂರು ಎಫ್‌ಸಿ ನಮಗೆ ಅಷ್ಟೇನೂ ದೂರದ್ದಲ್ಲ. 2013ರಲ್ಲಿ ಅದನ್ನು ಹುಟ್ಟುಹಾಕಿದ್ದು ಜೆಎಸ್‌ಡಬ್ಲ್ಯು ಸಮೂಹ. ಅದರ ಉಕ್ಕಿನ ಕಾರ್ಖಾನೆ ಇರುವುದು ನಮ್ಮ ಪಕ್ಕದ ತೋರಣಗಲ್ಲಿನಲ್ಲಿ. 2018ರಲ್ಲಿ ಆ ಕಾರ್ಖಾನೆಯ ವಿದ್ಯಾನಗರದ ಆವರಣದಲ್ಲೇ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್ ಶುರುವಾಯಿತು, ಕ್ಲಬ್ಬಿನ ವಸತಿ ಅಕಾಡೆಮಿಯೂ ಅಲ್ಲಿಗೆ ಬಂತು. ನಮ್ಮ ಊರುಗಳಿಂದ ಕೆಲಸಕ್ಕೆಂದು ಬಸ್ಸು ಹತ್ತುವ ಜನ ಇಳಿಯುವ ಜಾಗಗಳಲ್ಲಿ ತೋರಣಗಲ್ಲೂ ಒಂದು.

ತಂಡ ಬದಲಾಯಿಸುವುದೂ ನಮಗೆ ಹೊಸದಲ್ಲ. ಹರಪನಹಳ್ಳಿ ತಾಲ್ಲೂಕು 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆಗೆ ಹೋಯಿತು, 2018ರಲ್ಲಿ ಮತ್ತೆ ಬಳ್ಳಾರಿಗೆ ಬಂತು, 2021ರಲ್ಲಿ ಹೊಸ ವಿಜಯನಗರ ಜಿಲ್ಲೆಗೆ ಸೇರಿತು. ಇನ್ನು ಊಹಾಪೋಹದ ವಿಷಯಕ್ಕೆ ಬಂದರೆ, ಮೈಲಾರದ ಕಾರಣಿಕದ ಒಂದೇ ಒಂದು ವಾಕ್ಯಕ್ಕೆ ವರ್ಷವಿಡೀ ಅರ್ಥ ಹಚ್ಚುವ ಸೀಮೆ ನಮ್ಮದು. ಆಟಗಾರರ ವರ್ಗಾವಣೆಯ ಸುದ್ದಿಗೆ ಅರ್ಥ ಹಚ್ಚಲು ನಮಗೆ ಯಾರೂ ಕಲಿಸಿಕೊಡಬೇಕಿಲ್ಲ.

ಮೊದಲು ಆಟದ ಮಾತು. ಗೆಲ್ಲುವ ತಂಡ ಎಂದರೆ ದೊಡ್ಡ ಹೆಸರುಗಳ ಮೊತ್ತವಲ್ಲ. ಇದಕ್ಕೆ ಎಲ್ಲರೂ ಕೊಡುವ ಉದಾಹರಣೆ ರಿಯಲ್ ಮ್ಯಾಡ್ರಿಡ್. 2003ರ ಬೇಸಿಗೆಯಲ್ಲಿ ಆ ಕ್ಲಬ್ ಡೇವಿಡ್ ಬೆಕಂನನ್ನು ಕರೆತಂದಿತು. ಎದುರಾಳಿಯ ಚೆಂಡು ಕಸಿದು ಪಕ್ಕದವನಿಗೆ ಕೊಡುವುದನ್ನೇ ಕೆಲಸ ಮಾಡಿಕೊಂಡಿದ್ದ ಕ್ಲಾಡ್ ಮೆಕೆಲೆಲೆಯನ್ನು ಚೆಲ್ಸಿಗೆ ಬಿಟ್ಟುಕೊಟ್ಟಿತು. ಮುಂದಿನ ಮೂರು ಋತುಗಳಲ್ಲಿ ರಿಯಲ್‌ಗೆ ಲಾ ಲಿಗಾವೂ ಸಿಗಲಿಲ್ಲ, ಚಾಂಪಿಯನ್ಸ್ ಲೀಗೂ ಸಿಗಲಿಲ್ಲ. ಅದೇ ಅವಧಿಯಲ್ಲಿ ಮೆಕೆಲೆಲೆ ಆಡಿದ ಚೆಲ್ಸಿ ಎರಡು ಸಲ ಇಂಗ್ಲೆಂಡಿನ ಲೀಗ್ ಗೆದ್ದಿತು.

ಕೊಟ್ಟೂರಿನ ತೇರು ನೋಡಿದವರಿಗೆ ಇದರಲ್ಲಿ ಆಶ್ಚರ್ಯವೇನೂ ಇರಲಾರದು. ಮಿಣಿ ಹಿಡಿದು ಎಳೆಯುವವರು ಸಾವಿರಾರು, ಕಳಸಕ್ಕೆ ಕೈಮುಗಿಯುವವರು ಲಕ್ಷಾಂತರ. ಆದರೆ ತೇರು ದಾರಿ ಬಿಡದಂತೆ ಗಾಲಿಯ ಬುಡಕ್ಕೆ ಸನ್ನೆ ಕೊಡುವವರು ಕೆಲವೇ ಜನ. ಅವರು ತಲೆ ತಗ್ಗಿಸಿ ಗಾಲಿಯನ್ನೇ ನೋಡುತ್ತಿರುತ್ತಾರೆ, ಅವರನ್ನು ಯಾರೂ ನೋಡುವುದಿಲ್ಲ. ಮೆಕೆಲೆಲೆ ಸನ್ನೆ ಕೊಡುವವನಾಗಿದ್ದ.

ಬೆಂಗಳೂರು ಎಫ್‌ಸಿ ಮೊದಲ ವರ್ಷವೇ, ಅಂದರೆ 2013-14ರಲ್ಲೇ, ಐ-ಲೀಗ್ ಗೆದ್ದಾಗ ಜನ ನೆನಪಿಟ್ಟದ್ದು ನಾಯಕ ಸುನಿಲ್ ಚೆಟ್ರಿಯನ್ನು. ನೆನಪಿಡಬೇಕಾದ ಆಟಗಾರನೇ ಅವನು. ಆದರೆ ಕೋಚ್ ಆ್ಯಶ್ಲೆ ವೆಸ್ಟ್‌ವುಡ್ ಕಟ್ಟಿದ ಆ ತಂಡದ ಹಿಂಬದಿಯಲ್ಲಿ ಜಾನ್ ಜಾನ್ಸನ್ ಮತ್ತು ಕರ್ಟಿಸ್ ಒಸಾನೊ ಎಂಬ ಇಬ್ಬರು ಇದ್ದರು. ಹೆಚ್ಚಿನವರು ಹೆಸರೂ ಕೇಳಿರದ ವಿದೇಶಿಯರು. ಸ್ಥಾನಕ್ಕೊಬ್ಬ ಸರಿಯಾದ ಮನುಷ್ಯನನ್ನು ಹುಡುಕಿದ ತಂಡ ಅದು. ಎರಡು ಐ-ಲೀಗ್, ಎರಡು ಫೆಡರೇಶನ್ ಕಪ್, 2016ರಲ್ಲಿ ಎಎಫ್‌ಸಿ ಕಪ್‌ನ ಫೈನಲ್, 2018-19ರಲ್ಲಿ ಐಎಸ್‌ಎಲ್ ಪ್ರಶಸ್ತಿ ಈ ವಿವೇಕದಿಂದ ಬಂದವು. ಎಎಫ್‌ಸಿ ಕಪ್‌ನ ಫೈನಲ್‌ಗೆ ಅದುವರೆಗೆ ಭಾರತದ ಯಾವ ಕ್ಲಬ್ಬೂ ಹೋಗಿರಲಿಲ್ಲ.

ಇಷ್ಟಕ್ಕೆ ನಿಂತರೆ ಇದು ಬರೀ ಜಾಣತನದ ಪಾಠ. ಹೊಳೆಯುವವನ ಬದಲು ಉಪಯೋಗಕ್ಕೆ ಬರುವವನನ್ನು ಕೊಳ್ಳಿ ಎಂದಷ್ಟೇ ಹೇಳಿದಂತಾಯಿತು. ಸಂತೆಯ ಭಾಷೆ ಹಾಗೇ ಉಳಿಯಿತು. ಮನುಷ್ಯನನ್ನು ಬರೀ ಸಾಧನವಾಗಿ ಬಳಸಬೇಡ, ಅವನು ತನ್ನಷ್ಟಕ್ಕೇ ಒಂದು ಗುರಿ ಎಂದು ಕಾಂಟ್ ವಾದಿಸಿದ್ದ. ಇಲ್ಲಿ ‘ಬರೀ’ ಎಂಬ ಪದ ಮುಖ್ಯ. ನಾವೆಲ್ಲರೂ ಒಬ್ಬರನ್ನೊಬ್ಬರು ಬಳಸಿಕೊಂಡೇ ಬದುಕುವುದು. ಬಳಕೆಯ ಜೊತೆಗೆ ಇನ್ನೇನಿರಬೇಕು ಎಂಬುದೇ ಪ್ರಶ್ನೆ.

ಒಂದು ಉತ್ತರ, ಕೊಳ್ಳಲೇಬೇಡಿ, ಬೆಳೆಸಿ ಎನ್ನುತ್ತದೆ. ಸ್ಪೇನಿನ ಅಥ್ಲೆಟಿಕ್ ಬಿಲ್ಬಾವೊ ಬಾಸ್ಕ್ ನಾಡಿನಲ್ಲಿ ಹುಟ್ಟಿದವರನ್ನು ಅಥವಾ ಅಲ್ಲಿ ಆಟ ಕಲಿತವರನ್ನು ಮಾತ್ರ ಆಡಿಸುತ್ತದೆ. ಹಾಗಿದ್ದೂ ಆ ದೇಶದ ಮೊದಲ ದರ್ಜೆಯಿಂದ ಅದು ಒಮ್ಮೆಯೂ ಕೆಳಗಿಳಿದಿಲ್ಲ. 2024ರಲ್ಲಿ ಕೋಪಾ ಡೆಲ್ ರೇ ಗೆದ್ದಿತು, 40 ವರ್ಷಗಳ ನಂತರ. 1967ರಲ್ಲಿ ಯುರೋಪಿಯನ್ ಕಪ್ ಗೆದ್ದ ಸೆಲ್ಟಿಕ್ ತಂಡದ ಆಟಗಾರರೆಲ್ಲ ಗ್ಲಾಸ್ಗೊ ಸುತ್ತಲಿನ 30 ಮೈಲಿಯೊಳಗೆ ಹುಟ್ಟಿದವರು.

ಇಂಥ ಕಥೆ ಕೇಳಿದರೆ ಮನಸ್ಸು ತುಂಬಿ ಬರುತ್ತದೆ. ಆದರೆ ‘ನಮ್ಮವರು’ ಎಂಬ ಮಾತನ್ನು ಅಷ್ಟು ಸುಲಭವಾಗಿ ನಂಬಬಾರದು ಎಂದು ನಮ್ಮ ಭಾಗದ ಹಳ್ಳಿ ನಾಟಕಗಳು ಹೇಳುತ್ತವೆ. ಜಾತ್ರೆಗೆ, ಉಗಾದಿಗೆ ಆಡುವ ನಾಟಕದಲ್ಲಿ ಗಂಡು ಪಾತ್ರಗಳು ಊರ ಹುಡುಗರವು. ನಾಯಕಿಯ ಪಾತ್ರಕ್ಕೆ ಮರಿಯಮ್ಮನಹಳ್ಳಿಯಂಥ ಊರುಗಳಿಂದ ವೃತ್ತಿ ಕಲಾವಿದೆಯರು ಬರಬೇಕು. ತಿಂಗಳುಗಟ್ಟಲೆ ತಾಲೀಮು ಮಾಡಿದ ಹುಡುಗ ರಂಗದ ಮೇಲೆ ಮಾತು ಮರೆತು ನಿಂತಾಗ ಮೆಲ್ಲಗೆ ಎತ್ತಿಕೊಟ್ಟು ದಾಟಿಸುವವಳು ಒಂದೆರಡು ದಿನಕ್ಕೆ ಬಂದ ಆ ಕಲಾವಿದೆ. ಆ ರಾತ್ರಿಯ ಮಟ್ಟಿಗೆ ನಾಟಕ ಯಾರದು? ಊರಿನವರು ಎಷ್ಟು ನಮ್ಮದು ಅನ್ನುತ್ತಾರೋ ಅಷ್ಟೇ ಅವಳದೂ ಹೌದು.

ಇದರ ಇನ್ನೊಂದು ಮುಖವೂ ಇದೆ. ಬೆಂಗಳೂರಿನ ಅಹ್ಮದ್ ಖಾನ್ 1948ರ ಲಂಡನ್ ಒಲಿಂಪಿಕ್ಸ್ ಆಡಿ, ಮುಂದೆ ಕಲ್ಕತ್ತದ ಈಸ್ಟ್ ಬೆಂಗಾಲ್ ಸೇರಿದರು. ದಕ್ಷಿಣದಿಂದ ಹೋದ ಐವರು ಮುಂಪಡೆ ಆಟಗಾರರನ್ನು ಅಲ್ಲಿನ ಜನ ‘ಪಂಚಪಾಂಡವರು’ ಎಂದು ಕರೆದರು. 1949, 1950, 1951ರಲ್ಲಿ ಆ ತಂಡ ಸತತವಾಗಿ ಐಎಫ್‌ಎ ಶೀಲ್ಡ್ ಗೆದ್ದಿತು. ಬಂಗಾಳಿಗಳು ತಮ್ಮವರನ್ನಷ್ಟೇ ಆಡಿಸುತ್ತೇವೆ ಅಂದಿದ್ದರೆ ಬೆಂಗಳೂರಿನ ಒಬ್ಬ ಹುಡುಗನಿಗೆ ಅಂಥ ವೇದಿಕೆ ಸಿಗುತ್ತಿರಲಿಲ್ಲ. ಪ್ರತಿ ವರ್ಷ ಗುಳೆ ಹೋಗುವ ಜನರಿರುವ ತಾಲ್ಲೂಕುಗಳಲ್ಲಿ ಬೆಳೆದವರು ಹೊರಗಿನವನಿಗೆ ಜಾಗವಿಲ್ಲ ಎಂಬ ನಿಯಮವನ್ನು ಹೊಗಳುವ ಮೊದಲು ಎರಡು ಸಲ ಯೋಚಿಸಬೇಕು. ಬೇರೆ ಊರಿನಲ್ಲಿ ಹೊರಗಿನವರು ನಾವೇ.

ಎರಡನೆಯ ಉತ್ತರ ನಿಷ್ಠೆಯದು. ತಂಡಕ್ಕಾಗಿ ದುಡಿದವನನ್ನು ಕೈಬಿಡಬೇಡಿ ಎನ್ನುವುದು ಅದರ ಸಾರ. ಕೇಳಲು ಇದು ಇನ್ನೂ ಹಿತ. ಆದರೆ ಲೆಕ್ಕ ನೋಡಿ. ಮೈದಾನದಲ್ಲಿರುವುದು 11 ಜಾಗ. ಐಎಸ್‌ಎಲ್‌ನಲ್ಲಿ 2021-22ರಿಂದ ಅದರಲ್ಲಿ ವಿದೇಶಿಯರಿಗೆ ಹೆಚ್ಚೆಂದರೆ 4. ಕೋಚ್‌ಗಳು ಆ ನಾಲ್ವರನ್ನು ತಂಡದ ಬೆನ್ನುಮೂಳೆಯಲ್ಲಿ, ಮುಖ್ಯವಾಗಿ ಗೋಲು ಹೊಡೆಯುವ ಜಾಗದಲ್ಲಿ ನಿಲ್ಲಿಸುತ್ತಾರೆ. ಆ ಜಾಗದಲ್ಲಿ ಆಡಿ ಕಲಿಯಬೇಕಾದ ಭಾರತೀಯ ಹುಡುಗ ಬೆಂಚಿನ ಮೇಲೆ ಕೂತಿರುತ್ತಾನೆ. ಹೀಗಿರುವಾಗ ಆಡಲಾಗದ ಹಿರಿಯನೊಬ್ಬನನ್ನು ಕೃತಜ್ಞತೆಗೆಂದು ಉಳಿಸಿಕೊಂಡರೆ ಅದರ ಬೆಲೆ ತೆರುವವನು ಕೋಚ್ ಅಲ್ಲ, ಮಾಲೀಕನೂ ಅಲ್ಲ. ಹೆಸರಿಲ್ಲದ ಆ ಹುಡುಗ ತೆರುತ್ತಾನೆ. ನಮ್ಮ ಔದಾರ್ಯವನ್ನು ಇನ್ನೊಬ್ಬನ ಜೇಬಿನಿಂದ ಮಾಡಿದಂತೆ ಅದು.

ಚೆಟ್ರಿಯ ವಿಷಯದಲ್ಲಿ ಈ ಪ್ರಶ್ನೆ ಸುಲಭವಾಗಿ ಬಗೆಹರಿಯುವುದಿಲ್ಲ. 40ರ ಆ ಮನುಷ್ಯ 2024-25ರ ಐಎಸ್‌ಎಲ್‌ನಲ್ಲಿ ಎರಡಂಕಿ ಗೋಲು ಹೊಡೆದು ತಂಡವನ್ನು ಫೈನಲ್‌ವರೆಗೆ ತಂದ. ಅವನಿಗೆ ಜಾಗ ಸಿಕ್ಕಿದ್ದು ಕೃತಜ್ಞತೆಯಿಂದಲ್ಲ, ಕಾಲಿನಿಂದ. ಅವನನ್ನು ಮೀರಿಸುವ ಹುಡುಗ ಇನ್ನೂ ಬರಲಿಲ್ಲವಲ್ಲ ಎಂಬುದು ಚೆಟ್ರಿಯ ತಪ್ಪಲ್ಲ, ನಾವು ತಂಡ ಕಟ್ಟುತ್ತಿರುವ ಕ್ರಮದ ತಪ್ಪು. ಪ್ರಶಸ್ತಿ ಈ ವರ್ಷವೇ ಬೇಕು ಎನ್ನುವವರು ಮುಂದಿನ 10 ವರ್ಷಗಳ ಹುಡುಗರನ್ನು ಅಡ ಇಟ್ಟು ಆಡುತ್ತಾರೆ.

ಹಾಗಾಗಿ ನನ್ನ ವಾದ ಇಷ್ಟು. ಜಾಗವನ್ನೂ ಋಣವನ್ನೂ ಬೇರೆ ಮಾಡಬೇಕು. ಜಾಗ ಅರ್ಹತೆಗೆ ಸಲ್ಲಬೇಕು, ಅಲ್ಲಿ ಮುಲಾಜು ಬೇಡ. ಆದರೆ ಜಾಗ ಹೋದ ಕ್ಷಣಕ್ಕೆ ಋಣ ಹೋಗುವುದಿಲ್ಲ. ಮೊದಲೇ ತಿಳಿಸುವುದು, ಎದುರಿಗೆ ಕೂತು ಹೇಳುವುದು, ಗಾಯಗೊಂಡವನ ಚಿಕಿತ್ಸೆ ಮುಗಿಸುವುದು, ಒಪ್ಪಂದದಂತೆ ಕೊಡಬೇಕಾದ್ದನ್ನು ಕೊಡುವುದು. ಋಣ ತೀರಿಸುವ ದಾರಿಗಳು ಇವು. ಇವ್ಯಾವುದಕ್ಕೂ ತಂಡದ 11 ಜಾಗಗಳಲ್ಲಿ ಒಂದೂ ಖರ್ಚಾಗುವುದಿಲ್ಲ. ಭಾವುಕರಾದರೆ ಪಂದ್ಯ ಸೋಲುತ್ತೇವೆ ಎನ್ನುವವರು ಈ ಎರಡನ್ನು ಬೆರೆಸಿ ಮಾತನಾಡುತ್ತಾರೆ. ಹಳ್ಳಿ ನಾಟಕದವರಿಗೆ ಈ ವ್ಯತ್ಯಾಸ ಗೊತ್ತಿದೆ. ಮುಂದಿನ ವರ್ಷ ಅದೇ ಕಲಾವಿದೆಯನ್ನು ಕರೆಸುತ್ತೇವೆಂದು ಯಾರೂ ಮಾತು ಕೊಡುವುದಿಲ್ಲ. ಆದರೆ ಬೆಳಗಾಗಿ ಮಂಗಳ ಹಾಡಿದ ಮೇಲೆ ಅವಳ ಸಂಭಾವನೆ ಕೊಡದೆ ಬಸ್ಸು ಹತ್ತಿಸಿದ ಊರಿಗೆ ಕೆಟ್ಟ ಹೆಸರು ತಪ್ಪಿದ್ದಲ್ಲ.

ಈ ವಾದಕ್ಕೆ ಪರೀಕ್ಷೆಯ ಕಾಲವೂ ಬಂತು. ರಾಷ್ಟ್ರೀಯ ಫೆಡರೇಶನ್ ಮತ್ತು ಲೀಗ್ ನಡೆಸುವ ಕಂಪನಿಯ ನಡುವಿನ ಒಪ್ಪಂದ ನವೀಕರಣವಾಗದೆ 2025ರ ಜುಲೈನಲ್ಲಿ ಐಎಸ್‌ಎಲ್ ಅತಂತ್ರವಾಯಿತು. ಆಗಸ್ಟ್‌ನಲ್ಲಿ ಬೆಂಗಳೂರು ಎಫ್‌ಸಿ ಮೊದಲ ತಂಡದ ಆಟಗಾರರ ಮತ್ತು ಸಿಬ್ಬಂದಿಯ ಸಂಬಳವನ್ನು ಅನಿರ್ದಿಷ್ಟ ಕಾಲಕ್ಕೆ ತಡೆಹಿಡಿಯುವುದಾಗಿ ಪ್ರಕಟಿಸಿತು. ಲೀಗೇ ಇಲ್ಲದಾಗ ಕ್ಲಬ್ ಏನು ಮಾಡಬೇಕು ಎಂದು ಕೇಳಬಹುದು, ಅದು ನ್ಯಾಯವಾದ ಪ್ರಶ್ನೆಯೇ. ನನ್ನನ್ನು ಕಾಡಿದ್ದು ಅಭಿಮಾನಿಗಳ ಮಾತು. ‘ನಮ್ಮ ಹುಡುಗರು’ ಎಂದು ಕೂಗುತ್ತಿದ್ದ ಎಷ್ಟೋ ಜನರ ಚಿಂತೆ, ಇನ್ನು ಯಾರು ಯಾವ ಕ್ಲಬ್ಬಿಗೆ ಹೋಗುತ್ತಾರೆ ಎಂಬುದಕ್ಕೇ ಮುಗಿದುಹೋಯಿತು. ಚೆಟ್ರಿಯಂಥವರು ಹೇಗೋ ದಾಟುತ್ತಾರೆ. ತಿಂಗಳ ಸಂಬಳದಲ್ಲಿ ಮನೆ ನಡೆಸುವ ಫಿಸಿಯೊ, ಕಿಟ್ ನೋಡಿಕೊಳ್ಳುವವನು, ಮೂರನೆಯ ಗೋಲ್‌ಕೀಪರ್, ಇವರೆಲ್ಲ ಸನ್ನೆ ಕೊಡುವವರು. ನಾವು ತಲೆಯಲ್ಲಿ ಕಟ್ಟುವ ತಂಡದಲ್ಲಿ ಅವರ ಹೆಸರೇ ಇರುವುದಿಲ್ಲ.

ಹೋದವರ ಬಗ್ಗೆ ಒಂದು ಮಾತು. 2019ರ ಮಾರ್ಚ್‌ನಲ್ಲಿ ಮುಂಬೈನಲ್ಲಿ ಗೋವಾ ವಿರುದ್ಧದ ಫೈನಲ್ ಹೆಚ್ಚುವರಿ ಸಮಯದ ಕೊನೆಗೆ ಬಂದಿತ್ತು. ರಾಹುಲ್ ಭೆಕೆ ತಲೆಯಿಂದ ಹೊಡೆದ ಗೋಲು ಬೆಂಗಳೂರಿಗೆ ಐಎಸ್‌ಎಲ್ ತಂದುಕೊಟ್ಟಿತು. 2021ರಲ್ಲಿ ಅದೇ ಭೆಕೆ ಮುಂಬೈ ಸಿಟಿಗೆ ಹೋದ, 2024ರಲ್ಲಿ ಮರಳಿ ಬಂದ. 2014ರಲ್ಲಿ ಹುಡುಗನಾಗಿ ಬಂದ ಉದಾಂತ ಸಿಂಗ್ 9 ವರ್ಷ ಆಡಿ 2023ರಲ್ಲಿ ಗೋವಾಕ್ಕೆ ಹೊರಟ. ಇವರನ್ನು ದ್ರೋಹಿಗಳೆಂದು ಬಯ್ಯುವ ಅಧಿಕಾರ ನಮಗಿಲ್ಲ. ಕ್ಲಬ್ಬು ಆಟಗಾರನನ್ನು ಬಿಡುವಾಗ ‘ವ್ಯವಹಾರ’ ಎಂದು ಒಪ್ಪುವ ನಾವು, ಆಟಗಾರ ಕ್ಲಬ್ಬನ್ನು ಬಿಡುವಾಗ ಮಾತ್ರ ‘ನಿಷ್ಠೆ’ ಎಂಬ ಪದ ಹೊರತೆಗೆಯುತ್ತೇವೆ. ಹರಪನಹಳ್ಳಿಯನ್ನು ದಾವಣಗೆರೆಯವರಾಗಲಿ ಬಳ್ಳಾರಿಯವರಾಗಲಿ ದ್ರೋಹಿ ಅಂದದ್ದನ್ನು ನಾನು ಕೇಳಿಲ್ಲ.

ಗೆಲುವನ್ನು ನಾವು ಎಲ್ಲಿ ಹುಡುಕುತ್ತೇವೆ ಎಂಬುದೂ ಇದೇ ಪ್ರಶ್ನೆಯ ಭಾಗ. 2023ರ ಮಾರ್ಚ್ 3ರಂದು ಕಂಠೀರವ ಕ್ರೀಡಾಂಗಣದಲ್ಲಿ ಚೆಟ್ರಿ ತಟ್ಟನೆ ಹೊಡೆದ ಫ್ರೀಕಿಕ್ ಗೋಲಾಯಿತು, ಕೇರಳ ಬ್ಲಾಸ್ಟರ್ಸ್ ತಂಡ ಮೈದಾನ ಬಿಟ್ಟು ಹೊರನಡೆಯಿತು. ವಾರಗಟ್ಟಲೆ ಅದೇ ಚರ್ಚೆ. ಮರುದಿನ, ಮಾರ್ಚ್ 4ರಂದು, ಸೌದಿ ಅರೇಬಿಯಾದ ರಿಯಾದ್‌ನಲ್ಲಿ ಕರ್ನಾಟಕ ತಂಡ ಮೇಘಾಲಯವನ್ನು 3-2ರಿಂದ ಸೋಲಿಸಿ ಸಂತೋಷ್ ಟ್ರೋಫಿ ಗೆದ್ದಿತು. 1968-69ರಲ್ಲಿ ಮೈಸೂರು ರಾಜ್ಯವಾಗಿ ಗೆದ್ದ ಮೇಲೆ 54 ವರ್ಷ ಕಾದ ಗೆಲುವು ಅದು. ಹರಾಜಿಲ್ಲದೆ, ವಿದೇಶಿಯರಿಲ್ಲದೆ ಕಟ್ಟಿದ ತಂಡ. ಆ 11 ಜನರಲ್ಲಿ ನಾಲ್ವರ ಹೆಸರು ಹೇಳಿ ಎಂದರೆ ನನ್ನ ಗೆಳೆಯರ ಬಳಗದಲ್ಲಿ ಉತ್ತರ ಸಿಗುವುದಿಲ್ಲ. ಗೆಲ್ಲುವ ತಂಡ ಬೇಕು ಅನ್ನುವ ನಮಗೆ ಬೇಕಿರುವುದು ನಿಜವಾಗಿಯೂ ಗೆಲುವೇ, ಅಥವಾ ಪರದೆಯ ಮೇಲೆ ಕಾಣುವ ಗೆಲುವು ಮಾತ್ರವೇ?

ಗೆಲ್ಲಬೇಕೆಂಬ ಆಸೆಯಲ್ಲಿ ತಪ್ಪಿಲ್ಲ. ಸೋಲಲೆಂದು ಯಾರೂ ತಂಡ ಕಟ್ಟುವುದಿಲ್ಲ. ಮುಂದಿನ ವರ್ಗಾವಣೆಯ ಕಾಲದಲ್ಲಿ ಯಾರನ್ನು ತರಬೇಕೆಂದು ನಾವು ವಾದಿಸೋಣ, ಜಗಳವನ್ನೂ ಆಡೋಣ. ಅದರ ಜೊತೆಗೆ ಇನ್ನೆರಡು ಪ್ರಶ್ನೆಗಳನ್ನು ಕ್ಲಬ್ಬಿಗೂ ನಮಗೂ ಕೇಳಿಕೊಳ್ಳುವುದು ಒಳ್ಳೆಯದು. ಈ ವರ್ಷ ಬೆಂಚಿನಿಂದ ಎದ್ದು ಆಡಿದ ಹುಡುಗರು ಎಷ್ಟು? ಬಿಟ್ಟು ಕಳಿಸಿದವರ ಬಾಕಿ ಚುಕ್ತಾ ಆಯಿತೇ? ಅಂಕಪಟ್ಟಿಯಲ್ಲಿ ಇವಕ್ಕೆ ಕಾಲಂ ಇಲ್ಲ. ಅವನ್ನು ಲೆಕ್ಕಕ್ಕೆ ತರಬೇಕಾದವರು ಅಭಿಮಾನಿಗಳೇ.