ಋಣಸಂಖ್ಯೆಯೂ ಬೋಧಕನ ಧರ್ಮವೂ

ವಿದ್ಯೆಯನ್ನು ಕೊಡುವವನು ಸತ್ಯವನ್ನೇ ಕೊಡತಕ್ಕವನೆಂಬುದು ಎಲ್ಲರೂ ಒಪ್ಪಿದ ಮಾತು. ಆದರೆ ಸತ್ಯವನ್ನು ಒಂದೇ ಸಲಕ್ಕೆ ಪೂರ್ಣವಾಗಿ ಕೊಡಲು ಬಾರದೆಂಬುದೂ ಅಷ್ಟೇ ನಿಜವಾದ ಮಾತಾಗಿದೆ. ಎಳೆಯ ಬುದ್ಧಿಯು ಹೊರಬಲ್ಲಷ್ಟನ್ನೇ ಹೊರಿಸಬೇಕಾಗಿರುವುದರಿಂದ, ಯಾವ ಗುರುವಾದರೂ ಇಂದು ಸ್ವಲ್ಪವನ್ನು ಹೇಳಿ ಉಳಿದುದನ್ನು ನಾಳೆಗೆ ತೆಗೆದಿಡುವನು. ಹೀಗೆ ತೆಗೆದಿಡುವಾಗ, ನಾಳೆ ಹಿಂದಕ್ಕೆ ತೆಗೆದುಕೊಳ್ಳಬೇಕಾದ ಮಾತನ್ನು ಇಂದು ಸಿದ್ಧಾಂತವೆಂಬಂತೆ ಹೇಳುವುದು ಸಲ್ಲುವುದೆ? ಕಾರಣವನ್ನು ಕೇಳಿದ ಶಿಷ್ಯನಿಗೆ ‘ಅದು ಹಾಗೆಯೇ, ಒಪ್ಪಿಕೊ’ ಎಂದು ಹೇಳಿ ಸುಮ್ಮನಾಗಿಸುವುದು ಧರ್ಮವೆ? ಈ ಪ್ರಶ್ನೆಯನ್ನು ಮತಭೇದಗಳಿಗೆ ಎಡೆಯಿರುವ ಶಾಸ್ತ್ರಗಳಲ್ಲಿ ವಿಚಾರಿಸುವುದಕ್ಕಿಂತ, ಸಂದೇಹಕ್ಕೆ ಎಡೆಯೇ ಇಲ್ಲವೆಂದು ಹೆಸರಾದ ಗಣಿತದಲ್ಲಿ ವಿಚಾರಿಸುವುದು ಲೇಸೆಂದು ತೋರುತ್ತದೆ. ಅದರಲ್ಲಿಯೂ ಪ್ರತಿಯೊಂದು ಮನೆಯ ಹುಡುಗರೂ ಕಲಿಯುವ ಪೂರ್ಣಾಂಕಗಳ ಪಾಠದಲ್ಲಿ.

ಕಿರಿಯ ತರಗತಿಗಳಲ್ಲಿ ವ್ಯವಕಲನವನ್ನು ಕಲಿಯುವ ಮಗುವು ‘ಚಿಕ್ಕದರಲ್ಲಿ ದೊಡ್ಡದು ಹೋಗದು’ ಎಂಬ ಮಾತನ್ನು ಕೇಳುತ್ತದೆ. 3ರಲ್ಲಿ 5 ಹೋಗದು. ಪಕ್ಕದ ಸ್ಥಾನದಿಂದ ಹತ್ತನ್ನು ಕಡ ತರಬೇಕು. ಆರನೆಯ ಏಳನೆಯ ತರಗತಿಗೆ ಬರುವಷ್ಟರಲ್ಲಿ ಅದೇ ಶಾಲೆಯು 3ರಲ್ಲಿ 5 ಹೋಗುವುದೆಂದೂ, ಹೋದರೆ ಋಣ 2 ಉಳಿಯುವುದೆಂದೂ ಹೇಳುತ್ತದೆ. ಅಲ್ಲಿಂದ ಮುಂದೆ ವಿಧಿಗಳು ಒಂದರ ಹಿಂದೊಂದು ಬರುತ್ತವೆ. ಋಣಕ್ಕೆ ಋಣವನ್ನು ಕೂಡಿದರೆ ಋಣವು ಬೆಳೆಯುವುದು. ಋಣವನ್ನು ಕಳೆದರೆ ಧನವನ್ನು ಕೂಡಿದಂತಾಗುವುದು. ಋಣ 5 ಎಂಬುದು ಋಣ 3ಕ್ಕಿಂತ ಕಿರಿದು. ಋಣವನ್ನು ಋಣದಿಂದ ಗುಣಿಸಿದರೆ ಧನ. ಹುಡುಗರು ಇವನ್ನು ಕೆಲವೇ ವಾರಗಳಲ್ಲಿ ಕಂಠಪಾಠ ಮಾಡಿ ಪರೀಕ್ಷೆಯನ್ನು ದಾಟುವರು. ಆದರೆ ಲೋಕದ ಪಂಡಿತರೆಲ್ಲರೂ ಇವನ್ನು ಒಪ್ಪುವುದಕ್ಕೆ ಸಾವಿರ ವರ್ಷಗಳಿಗಿಂತ ಹೆಚ್ಚು ಕಾಲ ಹಿಡಿಯಿತೆಂಬುದನ್ನು ಅವರಿಗೆ ಯಾರೂ ಹೇಳುವುದಿಲ್ಲ.

ಈ ವಿಧಿಗಳು ನಮ್ಮ ದೇಶಕ್ಕೆ ಹೊಸವಲ್ಲ. ಕ್ರಿ. ಶ. 628ರಲ್ಲಿ ಬ್ರಹ್ಮಗುಪ್ತನು ತನ್ನ ಬ್ರಾಹ್ಮಸ್ಫುಟಸಿದ್ಧಾಂತದ ಹದಿನೆಂಟನೆಯ ಅಧ್ಯಾಯದಲ್ಲಿ ಧನ, ಋಣ, ಶೂನ್ಯ ಎಂಬ ಮೂರನ್ನೂ ಒಟ್ಟಿಗೆ ತೆಗೆದುಕೊಂಡು, ಅವುಗಳ ಸಂಕಲನ ವ್ಯವಕಲನ ಗುಣನಗಳಿಗೆ ಕ್ರಮವಾಗಿ ನಿಯಮಗಳನ್ನು ಹೇಳಿರುವನು. ಎರಡು ಋಣಗಳ ಗುಣಲಬ್ಧವು ಧನವೆಂಬುದು ಅಲ್ಲಿ ಸ್ಪಷ್ಟವಾಗಿದೆ. ಒಂಬತ್ತನೆಯ ಶತಮಾನದಲ್ಲಿ ನಮ್ಮ ನೃಪತುಂಗನನ್ನು ಗ್ರಂಥಾರಂಭದಲ್ಲಿ ಸ್ತುತಿಸಿರುವ ಮಹಾವೀರಾಚಾರ್ಯನು, ಗಣಿತಸಾರಸಂಗ್ರಹದಲ್ಲಿ ಒಂದು ಹೆಜ್ಜೆ ಮುಂದೆ ಹೋಗಿ, ಧನದ ವರ್ಗವೂ ಋಣದ ವರ್ಗವೂ ಧನವೇ ಆಗಿರುವುದರಿಂದ ಋಣವು ಸ್ವಭಾವತಃ ವರ್ಗವಲ್ಲ, ಅದಕ್ಕೆ ವರ್ಗಮೂಲವಿಲ್ಲವೆಂದು ತೀರ್ಮಾನಿಸಿರುವನು. ಚೀಣದೇಶದವರು ಇನ್ನೂ ಹಿಂದಿನಿಂದಲೇ ಎಣಿಸುವ ಕಡ್ಡಿಗಳಿಗೆ ಎರಡು ಬಣ್ಣಗಳನ್ನಿಟ್ಟು, ಕೆಂಪನ್ನು ಧನಕ್ಕೂ ಕಪ್ಪನ್ನು ಋಣಕ್ಕೂ ಉಪಯೋಗಿಸುತ್ತಿದ್ದರು.

ಆದರೂ ನಿಯಮವನ್ನು ಬಲ್ಲವರ ಮನಸ್ಸಿಗೂ ಅದು ಸುಲಭವಾಗಿ ಒಗ್ಗಲಿಲ್ಲ. 1150ರಲ್ಲಿ ಮುಗಿದ ಸಿದ್ಧಾಂತಶಿರೋಮಣಿಯ ಬೀಜಗಣಿತಭಾಗದಲ್ಲಿ ಭಾಸ್ಕರಾಚಾರ್ಯನು ಒಂದು ಕಪಿಗಳ ಲೆಕ್ಕವನ್ನು ಕೊಟ್ಟಿರುವನು. ಹಿಂಡಿನ ಐದನೆಯ ಒಂದು ಭಾಗದಲ್ಲಿ ಮೂರನ್ನು ಕಳೆದು, ಉಳಿದುದನ್ನು ವರ್ಗಮಾಡಿದಷ್ಟು ಕಪಿಗಳು ಗುಹೆಯನ್ನು ಹೊಕ್ಕವು, ಕೊಂಬೆಯ ಮೇಲೆ ಒಂದು ಕಂಡಿತು, ಹಿಂಡೆಷ್ಟು? ಇದಕ್ಕೆ 50 ಎಂದೂ ಉತ್ತರ ಬರುವುದು, 5 ಎಂದೂ ಬರುವುದು. 50ರ ಪಂಚಮಾಂಶ 10, ಮೂರು ಕಳೆದು 7, ವರ್ಗ 49, ಒಂದು ಸೇರಿ 50. ಇದು ಸರಿ. 5ರ ಪಂಚಮಾಂಶ 1. ಮೂರು ಕಳೆದರೆ ಋಣ 2. ಅದರ ವರ್ಗ 4. ಒಂದು ಸೇರಿ 5. ಇದೂ ಲೆಕ್ಕಕ್ಕೆ ಸರಿಯೇ. ಆದರೂ ಭಾಸ್ಕರನು ಎರಡನೆಯದನ್ನು ಬಿಟ್ಟುಬಿಟ್ಟನು. ಒಂದು ಕಪಿಯಲ್ಲಿ ಮೂರು ಕಪಿಗಳನ್ನು ಕಳೆಯುವ ಮಾತಿನಲ್ಲಿ ಜನಕ್ಕೆ ನಂಬಿಕೆ ಹುಟ್ಟದೆಂದು ಅವನೇ ಕಾರಣವನ್ನು ಹೇಳಿರುವನು. ಶಾಸ್ತ್ರವು ಒಪ್ಪಿದುದನ್ನು ಲೋಕವು ಒಪ್ಪದಿದ್ದಾಗ, ಆ ಭೇದವನ್ನು ಮುಚ್ಚಿಡದೆ ತೆರೆದು ತೋರಿಸಿದ ಈ ಪ್ರಾಮಾಣಿಕತೆಯು ನಮ್ಮ ಪ್ರಸ್ತುತ ವಿಚಾರಕ್ಕೆ ಬಹಳ ಮುಖ್ಯವಾದುದು.

ಯೂರೋಪಿನಲ್ಲಿ ಹಿಂಜರಿಕೆಯು ಇನ್ನೂ ಬಲವಾಗಿತ್ತು. ಋಣ 4 ಉತ್ತರವಾಗಿ ಬರುವ ಸಮೀಕರಣವನ್ನು ಗ್ರೀಕರ ಡಯೋಫಾಂಟಸನು ಅಸಂಗತವೆಂದು ತಳ್ಳಿದನು. ಹದಿನೇಳನೆಯ ಶತಮಾನದಲ್ಲಿ ಫ್ರಾನ್ಸಿನ ಆರ್ನೋ ಎಂಬ ತತ್ತ್ವಜ್ಞನು ತಾರತಮ್ಯದ ಮೇಲೆಯೇ ಆಕ್ಷೇಪವನ್ನೆತ್ತಿದನು: ಋಣ 1ಕ್ಕೂ 1ಕ್ಕೂ ಇರುವ ಪ್ರಮಾಣವೇ 1ಕ್ಕೂ ಋಣ 1ಕ್ಕೂ ಇರುವುದಾದರೆ, ಕಿರಿದಕ್ಕೂ ಹಿರಿದಕ್ಕೂ ಇರುವ ಸಂಬಂಧವೇ ಹಿರಿದಕ್ಕೂ ಕಿರಿದಕ್ಕೂ ಇರುವುದೆಂದಾಗುವುದಲ್ಲವೆ? 1758ರಷ್ಟು ಈಚೆಗೆ ಇಂಗ್ಲೆಂಡಿನ ಫ್ರಾನ್ಸಿಸ್ ಮಸೇರಿಸ್ ಎಂಬುವನು ಋಣಚಿಹ್ನೆಯ ಬಳಕೆಯನ್ನು ಮಿತಗೊಳಿಸಬೇಕೆಂದು ಒಂದು ಗ್ರಂಥವನ್ನೇ ಬರೆದನು. ಇವರು ಯಾರೂ ಮಂದಬುದ್ಧಿಗಳಲ್ಲ. ಆದುದರಿಂದ ನಮ್ಮ ಮನೆಯ ಮಗುವು ‘ಸಾಲವನ್ನು ಸಾಲದಿಂದ ಗುಣಿಸಿದರೆ ಸಂಪತ್ತು ಹೇಗೆ ಬರುವುದು?’ ಎಂದು ಕೇಳಿದರೆ, ಅದು ತುಂಟತನವಲ್ಲ. ಹಿರಿಯರು ನಿಂತು ಯೋಚಿಸಿದ ಸ್ಥಳದಲ್ಲಿಯೇ ಅದೂ ನಿಂತಿದೆ ಎಂದು ತಿಳಿಯತಕ್ಕದ್ದು.

ಈ ಪ್ರಶ್ನೆಗೆ ಸರಿಯಾದ ಉತ್ತರವು ದೊರೆಯದೆ ಹೋದರೆ ಆಗುವ ನಷ್ಟವೇನೆಂಬುದಕ್ಕೆ ಒಂದು ಪ್ರಸಿದ್ಧ ನಿದರ್ಶನವಿದೆ. ಸ್ಟೆಂಡಾಲ್ ಎಂಬ ಹೆಸರಿನಿಂದ ಕಾದಂಬರಿಗಳನ್ನು ಬರೆದ ಹೆನ್ರಿ ಬೇಲ್ (1783–1842) ಗ್ರೆನೋಬಲ್ ಪಟ್ಟಣದಲ್ಲಿ ಓದುತ್ತಿದ್ದಾಗ ಗಣಿತವನ್ನು ಪ್ರೀತಿಸಿದನು. ಪ್ರೀತಿಸಿದುದಕ್ಕೆ ಕಾರಣವೂ ವಿಶೇಷವಾದುದೇ: ಸುತ್ತಲಿನ ಜನರ ಕಪಟಕ್ಕೆ ಬೇಸತ್ತ ಆ ಬಾಲಕನು, ಕಪಟಕ್ಕೆ ಎಡೆಯಿಲ್ಲದ ಶಾಸ್ತ್ರ ಇದೊಂದೇ ಎಂದು ನಂಬಿದ್ದನು. ಹೀಗಿರುವಲ್ಲಿ ಋಣವನ್ನು ಋಣದಿಂದ ಗುಣಿಸುವ ಪಾಠ ಬಂದಿತು. ಹತ್ತು ಸಾವಿರ ಫ್ರಾಂಕುಗಳ ಸಾಲವನ್ನು ಐನೂರು ಫ್ರಾಂಕುಗಳ ಸಾಲದಿಂದ ಗುಣಿಸಿದರೆ ಐವತ್ತು ಲಕ್ಷದ ಐಶ್ವರ್ಯ ಹೇಗೆ ಬರುವುದೆಂಬುದು ಅವನ ಸಂದೇಹ. ಅಧ್ಯಾಪಕರಲ್ಲಿ ಒಬ್ಬರಾದರೂ ಕಾರಣವನ್ನು ಹೇಳಲಿಲ್ಲ. ದೊಡ್ಡ ದೊಡ್ಡ ಗಣಿತಜ್ಞರೇ ಒಪ್ಪಿರುವರೆಂಬ ಮಾತನ್ನು ಮುಂದಿಟ್ಟರು. ಸಂದೇಹವನ್ನು ಕೇಳಿ ತಾನೇ ಪೆದ್ದನೆನಿಸಿಕೊಂಡ ಬಾಲಕನಿಗೆ, ತಿಳಿಸುವವರಿಗೇ ತಿಳಿದಿಲ್ಲವೆ, ಅಥವಾ ಈ ಶಾಸ್ತ್ರವೂ ಮೋಸದ್ದೆ ಎಂಬ ಶಂಕೆ ಹುಟ್ಟಿತು. ಐವತ್ತು ದಾಟಿದ ಮೇಲೆ ಬರೆದ ಆತ್ಮಕಥೆಯಲ್ಲಿಯೂ ಆ ನೋವು ಮಾಸಿರಲಿಲ್ಲ. ನಷ್ಟವಾದುದು ಒಂದು ಲೆಕ್ಕದ ಅಂಕಗಳಲ್ಲ. ಸತ್ಯವಂತರೆಂದು ನಂಬಿದವರ ಮೇಲಿನ ಭರವಸೆ.

ಆ ಸಂದೇಹಕ್ಕೆ ಉತ್ತರವು ಕಠಿಣವಾದುದೇನೂ ಅಲ್ಲ. ಮೊದಲನೆಯದಾಗಿ, ಹಣವನ್ನು ಹಣದಿಂದ ಗುಣಿಸುವುದೆಂಬುದೇ ಇಲ್ಲ. ಹತ್ತು ರೂಪಾಯಿಗಳನ್ನು ಐದು ರೂಪಾಯಿಗಳಿಂದ ಗುಣಿಸಿದರೆ ಐವತ್ತು ರೂಪಾಯಿಗಳಾಗುವುದೂ ಇಲ್ಲವಷ್ಟೆ. ಹತ್ತನ್ನು ಐದು ಸಲ ಕೊಟ್ಟರೆ ಆಗುವುದು. ಗುಣ್ಯವು ವಸ್ತು, ಗುಣಕವು ಸಲ. ಹಾಗಾದರೆ ಋಣವಾದ ಗುಣಕವೆಂದರೆ, ಅಷ್ಟು ಸಲ ಕೊಡುವುದಕ್ಕೆ ಬದಲಾಗಿ ಅಷ್ಟು ಸಲ ತೆಗೆದುಹಾಕುವುದು. ಮೂರು ಮೂರು ರೂಪಾಯಿಗಳ ಐದು ಸಾಲಪತ್ರಗಳನ್ನು ಹರಿದುಹಾಕಿದರೆ ಸಾಲಗಾರನು ಹದಿನೈದು ರೂಪಾಯಿಗಳಷ್ಟು ಮೇಲಕ್ಕೆ ಬರುವನು. ಕೆರೆಯ ನೀರು ದಿನಕ್ಕೆ 3 ಅಂಗುಲ ಇಳಿಯುತ್ತಿದ್ದರೆ, ಐದು ದಿನಗಳ ಹಿಂದೆ ಅದು ಇಂದಿಗಿಂತ 15 ಅಂಗುಲ ಎತ್ತರದಲ್ಲಿದ್ದಿತು. ಇಳಿತವು ಒಂದು ಋಣ, ಹಿಂದಣ ಕಾಲವು ಇನ್ನೊಂದು ಋಣ, ಫಲವು ಧನ.

ಆದರೆ ದೃಷ್ಟಾಂತವು ಕಾರಣವಲ್ಲ. ಕಾರಣವು ಇನ್ನೂ ಆಳದಲ್ಲಿದೆ, ಅದರಲ್ಲಿಯೇ ನೀತಿಯ ಅಂಶವೂ ಇದೆ. 5ಕ್ಕೆ ಋಣ 5ನ್ನು ಕೂಡಿದರೆ ಶೂನ್ಯ. ಯಾವುದನ್ನು ಶೂನ್ಯದಿಂದ ಗುಣಿಸಿದರೂ ಶೂನ್ಯ. ಆದುದರಿಂದ ಋಣ 3ನ್ನು ಈ ಎರಡರ ಮೊತ್ತದಿಂದ ಗುಣಿಸಿದರೆ ಶೂನ್ಯವೇ ಬರಬೇಕು. ಮೊತ್ತದಿಂದ ಗುಣಿಸುವುದೂ, ಬೇರೆ ಬೇರೆಯಾಗಿ ಗುಣಿಸಿ ಕೂಡುವುದೂ ಒಂದೇ ಎಂದು ನಾವು ಮೊದಲೇ ಒಪ್ಪಿದ್ದೇವೆ. ಋಣ 3ನ್ನು 5ರಿಂದ ಗುಣಿಸಿದರೆ ಋಣ 15; ಅದರೊಡನೆ ಕೂಡಿ ಶೂನ್ಯವಾಗಬೇಕಾದ ಉಳಿದ ಗುಣಲಬ್ಧವು ಧನ 15 ಅಲ್ಲದೆ ಮತ್ತೇನೂ ಆಗಲಾರದು. ಇಲ್ಲಿ ಯಾವ ಅಧಿಕಾರಿಯ ಆಜ್ಞೆಯೂ ಇಲ್ಲ. ಹಳೆಯ ಸಂಖ್ಯೆಗಳಿಗೆ ಕೊಟ್ಟ ಮಾತನ್ನು ಹೊಸ ಸಂಖ್ಯೆಗಳಿಗೂ ನಡೆಸಿಕೊಡುವೆವೆಂಬ ಸಂಕಲ್ಪವೊಂದೇ ಇದೆ. 1867ರಲ್ಲಿ ಜರ್ಮನಿಯ ಹಾಂಕೆಲನು ಇದನ್ನು ನಿಯಮಗಳ ಸ್ಥಿರತೆಯ ತತ್ತ್ವವೆಂದು ನಿರೂಪಿಸಿದನು. ಪುಣ್ಯಕೋಟಿಯ ಕಥೆಯನ್ನು ಕೇಳಿ ಬೆಳೆದ ನಮ್ಮ ಮಕ್ಕಳಿಗೆ ಇದು ಅರ್ಥವಾಗದ ಮಾತೆ? ಸೀಮೆಯು ಬದಲಾದರೂ ಮಾತು ಬದಲಾಗಬಾರದು.

ತಾರತಮ್ಯದ ಗೊಂದಲವೂ ಹೀಗೆಯೇ ಬಿಡಿಸಬಲ್ಲುದು. ಋಣ 5ರಲ್ಲಿ ಸಾಲವು ಹೆಚ್ಚೆಂಬ ಮಗುವಿನ ಮಾತೂ ನಿಜ. ಸ್ಥಿತಿಯು ಕಡಿಮೆಯೆಂಬ ಪಾಠದ ಮಾತೂ ನಿಜ. ಪರಿಮಾಣವು ಒಂದು, ಕ್ರಮವು ಇನ್ನೊಂದು. ಇದಕ್ಕೆ ಉಷ್ಣಮಾಪಕವನ್ನು ಉದಾಹರಿಸುವ ಪದ್ಧತಿಯುಂಟು. ಆದರೆ ಶೂನ್ಯದ ಕೆಳಗಣ ಚಳಿಯು ನಮ್ಮ ಸೀಮೆಯ ಮಗುವಿಗೆ ಪರದೇಶದ ವೃತ್ತಾಂತ. ನೆಲಮಟ್ಟದ ಕೆಳಗಿಳಿಯುವ ಬಾವಿಯ ಮೆಟ್ಟಿಲುಗಳಾದರೆ ಕಣ್ಣಿಗೆ ಕಾಣುತ್ತವೆ. ಐದನೆಯ ಮೆಟ್ಟಿಲು ಮೂರನೆಯದಕ್ಕಿಂತ ಕೆಳಗಿನದು; ನೆಲದಿಂದ ಅದರ ದೂರ ಮಾತ್ರ ಹೆಚ್ಚು.

ಇಲ್ಲಿ ಪೂರ್ವಪಕ್ಷವೊಂದು ಏಳಬಹುದು. ಅಭ್ಯಾಸವು ಮೊದಲು, ಅರ್ಥವು ಆಮೇಲೆ. ಮಗ್ಗಿಯನ್ನು ಬಾಯಿಪಾಠ ಮಾಡುವ ಮಗುವು ಕಾರಣವನ್ನು ಕೇಳುತ್ತ ಕುಳಿತರೆ ವಿದ್ಯೆಯು ಮುಂದೆ ಸಾಗದು. ಶ್ರದ್ಧೆಯಿಲ್ಲದವನಿಗೆ ಜ್ಞಾನವಿಲ್ಲವೆಂದು ಹಿರಿಯರೂ ಹೇಳಿರುವರು. ಈ ಮಾತಿನಲ್ಲಿ ಬಹಳ ಸತ್ಯವಿದೆ. ನಲವತ್ತು ಮಕ್ಕಳಿರುವ ತರಗತಿಯಲ್ಲಿ ಪ್ರತಿಯೊಂದು ಸಂದೇಹವನ್ನೂ ಬುಡದಿಂದ ಬಿಡಿಸುವುದು ಯಾವ ಅಧ್ಯಾಪಕನಿಗೂ ಸಾಧ್ಯವಲ್ಲ. ಆದರೆ ಅರ್ಥವನ್ನು ಮುಂದಕ್ಕೆ ಹಾಕುವುದು ಬೇರೆ, ಅರ್ಥವೇ ಇಲ್ಲವೆನ್ನುವುದು ಬೇರೆ, ತನಗೆ ತಿಳಿಯದುದನ್ನು ಗದರಿಕೆಯಿಂದ ಮುಚ್ಚುವುದು ಮತ್ತೂ ಬೇರೆ. ಮೊದಲನೆಯದು ಸಾಲ; ತೀರಿಸುವ ಮನಸ್ಸಿದ್ದರೆ ಅದರಲ್ಲಿ ದೋಷವಿಲ್ಲ. ಎರಡನೆಯದು ಅಸತ್ಯ. ಮೂರನೆಯದು ಮಗುವಿನ ಶ್ರದ್ಧೆಯನ್ನೇ ಅಪಹರಿಸುವುದು. ಶ್ರದ್ಧೆಯೆಂಬುದು ಮುಂದೆ ಕಾಣುವೆನೆಂಬ ಭರವಸೆಯೇ ಹೊರತು, ಎಂದೂ ಕಾಣಲಾರೆನೆಂಬ ಶರಣಾಗತಿಯಲ್ಲ. ‘3ರಲ್ಲಿ 5 ಹೋಗದು’ ಎಂಬಲ್ಲಿ ‘ನಾವು ಇದುವರೆಗೆ ಕಲಿತ ಸಂಖ್ಯೆಗಳಲ್ಲಿ’ ಎಂಬ ನಾಲ್ಕು ಪದಗಳನ್ನು ಸೇರಿಸಿದರೆ, ಅರ್ಧಸತ್ಯವು ಪೂರ್ಣಸತ್ಯವಾಗುವುದು; ಮುಂದಣ ಪಾಠಕ್ಕೆ ಬಾಗಿಲೂ ತೆರೆದಿರುವುದು. ‘ಇದರ ಕಾರಣ ನನಗೆ ಈಗ ತೋಚದು, ನೋಡಿ ಹೇಳುತ್ತೇನೆ’ ಎಂದ ಗುರುವಿನ ಗೌರವವು ಕುಗ್ಗಿದುದನ್ನು ಯಾರೂ ಕಂಡಿಲ್ಲ.

ಗಣಿತದ ಈ ವಿಧಿಗಳನ್ನು ನಡತೆಗೆ ಹೊಂದಿಸುವವರು ಮಾತ್ರ ಎಚ್ಚರದಿಂದಿರಬೇಕು. ಋಣವನ್ನು ಋಣದಿಂದ ಗುಣಿಸಿದರೆ ಧನವಾಗುವಂತೆ, ಅನ್ಯಾಯಕ್ಕೆ ಅನ್ಯಾಯವೇ ಮದ್ದೆಂದು ವಿನೋದಕ್ಕಾದರೂ ಹೇಳುವವರುಂಟು. ಸೇಡು ತೀರಿಸಿಕೊಳ್ಳುವವನು ಮಾಡುವುದು ಗುಣಾಕಾರವಲ್ಲ, ಸಂಕಲನ. ಋಣ 3ಕ್ಕೆ ಋಣ 5 ಸೇರಿದರೆ ಋಣ 8 ಆಗುವುದೆಂದು ಬ್ರಹ್ಮಗುಪ್ತನ ಮೊದಲ ನಿಯಮಗಳಲ್ಲಿಯೇ ಇದೆ. ಮತ್ತು ಧನವೂ ಋಣವೂ ಸಮವಾದಾಗ ಸಂಖ್ಯೆಯಲ್ಲಿ ಉಳಿಯುವುದು ಬರಿಯ ಶೂನ್ಯ. ಮನುಷ್ಯರ ನಡುವೆ ಮಾಡಿದ ಅಪಕಾರಕ್ಕೆ ಸಮನಾದ ಉಪಕಾರವನ್ನು ಮಾಡಿದರೂ ಅಪಕಾರದ ನೆನಪು ಉಳಿಯುವುದು. ಬಾಲ್ಯದಲ್ಲಿ ಗದರಿಸಿ ಸುಮ್ಮನಾಗಿಸಿದುದನ್ನು ಮುಂದೆ ಎಷ್ಟು ಬಹುಮಾನಗಳಿಂದಲೂ ಅಳಿಸಲಾಗದಿರುವುದು ಇದೇ ಕಾರಣದಿಂದ.

ಬ್ರಾಹ್ಮಣನು ಹುಟ್ಟುವಾಗಲೇ ಮೂರು ಋಣಗಳನ್ನು ಹೊತ್ತು ಹುಟ್ಟುವನೆಂದು ತೈತ್ತಿರೀಯ ಸಂಹಿತೆಯು ಹೇಳುತ್ತದೆ. ಅವುಗಳಲ್ಲಿ ಋಷಿಗಳ ಋಣವು ಬ್ರಹ್ಮಚರ್ಯದಿಂದ, ಎಂದರೆ ಅಧ್ಯಯನದಿಂದ, ತೀರತಕ್ಕದ್ದು. ಬ್ರಹ್ಮಗುಪ್ತ ಮಹಾವೀರ ಭಾಸ್ಕರರಿಂದ ನಾವು ಪಡೆದುದನ್ನು ಅವರಿಗೆ ಹಿಂದಿರುಗಿಸುವ ಉಪಾಯವಿಲ್ಲ; ಕೇಳಲು ಬಂದ ಮಗುವಿಗೆ ಕೊಡುವುದೊಂದೇ ದಾರಿ. ಕೊಡುವುದೂ ಬರಿಯ ಸೂತ್ರವನ್ನಲ್ಲ, ಸೂತ್ರದೊಡನೆ ಅದರ ಕಾರಣವನ್ನೂ. ಆದುದರಿಂದ ವಾಚಕರಲ್ಲಿ ನಮ್ಮ ವಿಜ್ಞಾಪನೆಯಿಷ್ಟೆ: ರಾತ್ರಿಯ ಊಟವಾದ ಮೇಲೆ ಮಗುವು ಲೆಕ್ಕದ ಪುಸ್ತಕವನ್ನು ಹಿಡಿದು ಬಂದು ‘ಹೀಗೇಕೆ?’ ಎಂದು ಕೇಳಿದರೆ, ಉತ್ತರವನ್ನು ಹಿಂದಿನ ಪುಟದಲ್ಲಿ ನೋಡಿಕೊಳ್ಳೆಂದು ಕಳುಹಿಸದೆ, ಹತ್ತು ನಿಮಿಷ ಅದರ ಪಕ್ಕದಲ್ಲಿ ಕುಳಿತುಕೊಳ್ಳಬೇಕು.