ಚೀಟಿ ಹೇಳುವುದೂ ಹೇಳದಿರುವುದೂ

ಮಾಂಸಾಹಾರವು ಯುಕ್ತವೋ ಅಯುಕ್ತವೋ ಎಂಬ ವಾದವು ಬಹು ಪ್ರಾಚೀನವಾದುದು. ಇಲ್ಲಿ ಅದು ಪ್ರಕೃತವಲ್ಲ. ಮಾಂಸವನ್ನು ತಿನ್ನುವ ಗೃಹಸ್ಥನು ತಾನು ತಿನ್ನುವುದರ ವಿಷಯದಲ್ಲಿ ಎಷ್ಟನ್ನು ತಿಳಿಯಲು ಬದ್ಧನು ಎಂಬುದೇ ವಿಚಾರಾರ್ಹವಾದ ಪ್ರಶ್ನೆ.

ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ ಕೋಳಿಮಾಂಸವು ಬಹುಮಟ್ಟಿಗೆ ಪೊಟ್ಟಣದಲ್ಲಿಯೇ ಮನೆಗೆ ಬರುತ್ತದೆ. ಕೊಳ್ಳುವವನಿಗೂ ಹಕ್ಕಿಗೂ ನಡುವೆ ಇರುವುದು ಒಂದು ಚೀಟಿ ಮಾತ್ರ. ಅದರ ಮೇಲೆ 'ಸಹಜ' ಎಂದು ಅಚ್ಚಾಗಿದ್ದರೆ, ಹಸುರು ಬಯಲಿನಲ್ಲಿ ನೆಲ ಕೆದಕುತ್ತ ಮೇಯುವ ಕೋಳಿಯೊಂದು ಓದುವವನ ಕಣ್ಣಮುಂದೆ ನಿಲ್ಲುತ್ತದೆ. ಆದರೆ ಅಲ್ಲಿನ ಕೃಷಿ ಇಲಾಖೆಯ ನಿಯಮದಲ್ಲಿ ಆ ಪದಕ್ಕೆ ಇಷ್ಟೇ ಅರ್ಥ: ಮಾಂಸಕ್ಕೆ ಕೃತಕ ಪದಾರ್ಥವನ್ನಾಗಲಿ ಬಣ್ಣವನ್ನಾಗಲಿ ಬೆರಸಿಲ್ಲ, ಸಂಸ್ಕರಣವು ಅತ್ಯಲ್ಪ. ಹಕ್ಕಿಯು ಬದುಕಿದ್ದಾಗ ಹೇಗಿತ್ತೆಂಬುದನ್ನು ಅದು ಹೇಳುವುದೇ ಇಲ್ಲ. 'ಹಾರ್ಮೋನು ಸೇರಿಸಿಲ್ಲ' ಎಂಬ ಮಾತು ಇನ್ನೂ ವಿಚಿತ್ರವಾದುದು. ಕೋಳಿಗಳಿಗೆ ಹಾರ್ಮೋನು ಕೊಡುವುದನ್ನು ಅಲ್ಲಿ ಕಾನೂನೇ ನಿಷೇಧಿಸಿದೆ. ಆದಕಾರಣ ಆ ನಿಷೇಧವನ್ನೂ ಪಕ್ಕದಲ್ಲಿಯೇ ಅಚ್ಚುಹಾಕತಕ್ಕದ್ದೆಂದು ವಿಧಿಯುಂಟು. 'ಸ್ವಚ್ಛಂದವಾಗಿ ಬೆಳೆದುದು' ಎಂಬುದಕ್ಕೆ, ಹಕ್ಕಿಗೆ ಹೊರಗೆ ಹೋಗಲು ಅವಕಾಶವಿತ್ತೆಂದು ಅರ್ಥವೇ ಹೊರತು, ಅದು ಹೋಯಿತೆಂದಲ್ಲ.

ಇವುಗಳಲ್ಲಿ ಒಂದೂ ಸುಳ್ಳಲ್ಲ. ಅಶ್ವತ್ಥಾಮನೆಂಬ ಆನೆಯು ಸತ್ತಾಗ ಧರ್ಮರಾಯನಾಡಿದ ಮಾತೂ ಅಕ್ಷರಶಃ ಸುಳ್ಳಾಗಿರಲಿಲ್ಲ. ಆದರೂ ನೆಲಕ್ಕೆ ನಾಲ್ಕು ಬೆರಳು ಮೇಲೆ ಸಾಗುತ್ತಿದ್ದ ಅವನ ರಥವು ಅಂದು ನೆಲಕ್ಕಿಳಿಯಿತು. ಆದರೆ ಒಂದು ಭೇದವುಂಟು. ದ್ರೋಣನು ನಂಬಲಾರದೆ ನಂಬಿದನು. ಕೊಳ್ಳುವವನಾದರೋ ನಂಬಬಯಸಿ ನಂಬುತ್ತಾನೆ. ಆದುದರಿಂದ ದೋಷವು ಬರೆದವನಲ್ಲಿ ಮಾತ್ರವೇ ನಿಲ್ಲುವುದಿಲ್ಲ.

ಚೀಟಿಯಲ್ಲಿ ನಂಬಿಕೆ ತಪ್ಪಿದವರು ಕೆಲವರು ಸಮೀಪದ ರೈತನಲ್ಲಿಯೇ ಕೋಳಿಯನ್ನು ಕೊಳ್ಳುತ್ತಾರೆ. 1957ರಲ್ಲಿ ಆದ ಅಲ್ಲಿನ ಕೋಳಿಮಾಂಸ ಪರೀಕ್ಷಣ ಶಾಸನವು ಈಗಿರುವಂತೆ, ತಾನೇ ಸಾಕಿದ ಹಕ್ಕಿಗಳನ್ನು ವರ್ಷಕ್ಕೆ 1,000ಕ್ಕೆ ಮೀರದಂತೆ ಕೊಯ್ದು ಮಾರುವ ರೈತನಿಗೆ, ಪರೀಕ್ಷಕನು ಒಂದೊಂದು ಹಕ್ಕಿಯನ್ನೂ ನೋಡಬೇಕೆಂಬ ನಿಯಮದಿಂದ ವಿನಾಯಿತಿಯುಂಟು. ಎಂದರೆ, ಸರಕಾರದ ಕಣ್ಣಿನ ಸ್ಥಾನದಲ್ಲಿ ಕೊಳ್ಳುವವನ ಕಣ್ಣು ನಿಲ್ಲಬೇಕು. ರೈತನ ನಗುಮುಖವನ್ನಷ್ಟೇ ಕಂಡು ಹಿಂದಿರುಗಿದರೆ ಅದೂ ಇನ್ನೊಂದು ಚೀಟಿಯನ್ನು ಓದಿದಂತೆಯೇ. ಕೋಳಿಮನೆಯ ನೆಲ ಒಣಗಿದೆಯೆ, ಮೇವು ಯಾವುದು, ಔಷಧವನ್ನು ಏತಕ್ಕೆ ಕೊಟ್ಟರು, ಕೊಯ್ದಮೇಲೆ ಮಾಂಸವನ್ನು ಎಷ್ಟು ಬೇಗ ತಣ್ಣಗೆ ಮಾಡಿದರು ಎಂದು ವಿಚಾರಿಸಬೇಕು. ಉತ್ತರವು ಸಮರ್ಪಕವಾದರೆ ತಕ್ಕ ಬೆಲೆಯನ್ನೂ ತೆರಬೇಕು. ಮೆಲ್ಲಗೆ ಬೆಳೆದ ಹಕ್ಕಿಯು ಅಗ್ಗವಾಗಲಾರದು.

ಚೀಟಿಯಿಲ್ಲದ ಕನ್ನಡನಾಡಿನ ಸಂತೆಯಲ್ಲಿಯೂ ಈ ಪ್ರಶ್ನೆಯು ತಪ್ಪಿದ್ದಲ್ಲ. ಬಣ್ಣದ ಗರಿಯ ಕೋಳಿಯನ್ನು ಕಂಡೊಡನೆ 'ನಾಟಿ' ಎಂದುಬಿಡುವುದು ಸುಲಭ. ಆದರೆ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಗಿರಿರಾಜ ತಳಿಗೂ ಬಣ್ಣದ ಗರಿಗಳುಂಟು. ಅಲ್ಲಿ ಗರಿಯೇ ಚೀಟಿಯಾಗುತ್ತದೆ.

ರೈತನ ಮನೆಯವರೆಗೆ ಹೋಗಲು ಎಲ್ಲರಿಗೂ ಬಿಡುವಿಲ್ಲ, ಹೆಚ್ಚಿನ ಬೆಲೆ ತೆರಲು ಎಲ್ಲರಿಗೂ ಶಕ್ತಿಯಿಲ್ಲ ಎಂಬ ಆಕ್ಷೇಪವು ನ್ಯಾಯವಾದುದೇ. ಅಶಕ್ತನನ್ನು ಧರ್ಮವು ದೂಷಿಸದು. ಆದರೆ ತಿಳಿಯಲಾರದಿರುವುದು ಬೇರೆ, ತಿಳಿಯಲೊಲ್ಲದಿರುವುದು ಬೇರೆ. ಅಗ್ಗದ ಪೊಟ್ಟಣವನ್ನು ಕೊಳ್ಳುವವನು ಅದು ಇಂಥದೆಂದು ತಿಳಿದೇ ಕೊಳ್ಳಲಿ. ಒಂದು ಒಳ್ಳೆಯ ಪದಕ್ಕಾಗಿ ನಾಲ್ಕು ಕಾಸು ಹೆಚ್ಚು ತೆತ್ತು, ತನ್ನ ಕರ್ತವ್ಯವು ಅಲ್ಲಿಗೆ ತೀರಿತೆಂದು ಭಾವಿಸದಿರಲಿ.