ಕೊಡದ ಮಾತು

ವಿಜಯಪುರ, ತಿಕೋಟಾ, ಬಬಲೇಶ್ವರ: ಈ ಮೂರು ಊರುಗಳಲ್ಲಿ ಮೊದಲು ಬರುವುದು ಯಾವುದು? ಪ್ರಶ್ನೆ ಸುಲಭವಾಗಿ ತೋರುತ್ತದೆ. ಆದರೆ ಉತ್ತರ ಹೇಳಹೊರಟವನು ಮೊದಲು ಮರುಪ್ರಶ್ನೆ ಹಾಕಬೇಕಾಗುತ್ತದೆ. ದೊಡ್ಡದು ಮೊದಲೆಂದರೆ ವಿಜಯಪುರ. ಕನ್ನಡ ಅಕ್ಷರಮಾಲೆಯಂತೆ ಎಂದರೆ ತಿಕೋಟಾ, ಬಬಲೇಶ್ವರ, ವಿಜಯಪುರ. ಇಂಗ್ಲಿಷ್ ಅಕ್ಷರಗಳಂತೆ ಎಂದರೆ ಬಬಲೇಶ್ವರ, ತಿಕೋಟಾ, ವಿಜಯಪುರ. 2014ರ ನವೆಂಬರ್ 1ರಂದು ಬಿಜಾಪುರವು ವಿಜಯಪುರವಾಗುವುದಕ್ಕೆ ಮೊದಲು ಇದೇ ಇಂಗ್ಲಿಷ್ ಪಟ್ಟಿಯಲ್ಲಿ ನಗರವು ಎರಡನೆಯದು, ತಿಕೋಟಾ ಕೊನೆಯದು. ಹೆಸರು ಬದಲಾದ ದಿನ ಯಾವ ಊರೂ ಗೇಣುದ್ದ ಸರಿಯಲಿಲ್ಲ. ಪಟ್ಟಿ ಮಾತ್ರ ಸರಿಯಿತು. ಹೋಗಲಿ, ದಾರಿಯ ಮೇಲಿನ ಕ್ರಮ ಕೇಳೋಣವೆಂದರೆ ತಿಕೋಟಾ ಇರುವುದು ಅಥಣಿಯ ಹಾದಿಯಲ್ಲಿ, ಬಬಲೇಶ್ವರವಿರುವುದು ಜಮಖಂಡಿಯ ಹಾದಿಯಲ್ಲಿ. ಊರುಗಳಿವೆ, ಅವಕ್ಕೆ ತಮ್ಮದೇ ಆದ ಕ್ರಮವೆಂಬುದಿಲ್ಲ. ಕ್ರಮವಿರುವುದು ಕೇಳುವವನ ಪ್ರಶ್ನೆಯಲ್ಲಿ.

ಈ ಸಣ್ಣ ಮಾತು ನನ್ನ ತಲೆಯನ್ನು ಹೊಕ್ಕದ್ದು ಗೆಳೆಯರೊಬ್ಬರ ಮಗನಿಂದ. ಬಬಲೇಶ್ವರದ ಕಡೆಯ ಹುಡುಗ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ. ಹಬ್ಬಕ್ಕೆಂದು ಬಂದವನ ಮುಖದಲ್ಲಿ ಹಬ್ಬವಿರಲಿಲ್ಲ. ಕೇಳಿದಾಗ ಹೇಳಿದ: “ಕಾಕಾ, ನಾ ಮಾಡಿದ್ದು ಇಷ್ಟ. ಊರುಗಳ ಪಟ್ಟಿಗೆ ಹೊಸಾವು ಎರಡು ಊರು ಸೇರಿಸಿದೆ. ಸಂಜೀಕ ನೋಡಿದರ ಹಳೇ ಪರೀಕ್ಷಾ ಒಂದರ ಮ್ಯಾಲೊಂದು ಬಿದ್ದಿದ್ದುವು. ‘ನಿನ್ನೀತನಕ ಬರೋಬ್ಬರಿ ಇತ್ತು, ನೀ ಕೈ ಹಚ್ಚಿದಿ, ಕೆಟ್ಟಿತು’ ಅಂದರು. ಎರಡು ರಾತ್ರಿ ಕುಂತು ಹುಡುಕಿದೆ. ನನ್ನ ಕೆಲಸದಾಗ ತಪ್ಪು ಇರಲೇ ಇಲ್ಲ. ಆದರ ಹೆಸರು ಕೆಟ್ಟಿದ್ದು ನಂದು.”

ತಪ್ಪು ಎಲ್ಲಿತ್ತು? ಅದನ್ನು ತಿಳಿಯಲು ಕಂಪ್ಯೂಟರಿನ ಒಂದು ಉಪಾಯವನ್ನು ತಿಳಿಯಬೇಕು. ಅದಕ್ಕೆ ಹ್ಯಾಶ್ ಟೇಬಲ್ ಎಂದು ಹೆಸರು. 1953ರಲ್ಲಿ ಐಬಿಎಂ ಸಂಸ್ಥೆಯ ಹಾನ್ಸ್ ಪೀಟರ್ ಲೂನ್ ಎಂಬವರು ಬರೆದಿಟ್ಟ ಟಿಪ್ಪಣಿಯಿಂದ ಅದರ ಚರಿತ್ರೆಯನ್ನು ಆರಂಭಿಸುವುದು ವಾಡಿಕೆ. ಅಂಚೆ ಕಚೇರಿಯಲ್ಲಿ ಕಾಗದಗಳನ್ನು ವಿಂಗಡಿಸುವ ಗೂಡುಗಳ ಹಲಗೆಯನ್ನು ನೆನೆಯಿರಿ. ಹೆಸರೊಂದು ಬಂದೊಡನೆ ಅದರಿಂದ ಒಂದು ಅಂಕಿಯನ್ನು ತೆಗೆಯುವುದು, ಆ ಅಂಕಿಯ ಗೂಡಿನಲ್ಲಿ ಅದನ್ನು ಇಡುವುದು. ಮುಂದೆ ಬೇಕಾದಾಗ ಮತ್ತೆ ಅದೇ ಲೆಕ್ಕ ಮಾಡಿ ನೇರವಾಗಿ ಆ ಗೂಡಿಗೇ ಕೈಹಾಕುವುದು. ಲಕ್ಷ ಹೆಸರುಗಳಿದ್ದರೂ ಒಂದೊಂದನ್ನೇ ತಡಕಬೇಕಾಗಿಲ್ಲ. ಅಕ್ಷರದಿಂದ ಅಂಕಿ ತೆಗೆಯುವುದು ನಮಗೇನೂ ಹೊಸದಲ್ಲ. ಕಟಪಯಾದಿ ಲೆಕ್ಕದಲ್ಲಿ ‘ಧೀರಶಂಕರಾಭರಣ’ದ ಧೀ ಎಂದರೆ 9, ರ ಎಂದರೆ 2, ತಿರುಗಿಸಿ ಓದಿದರೆ 29ನೆಯ ಮೇಳ. ಹೆಸರೇ ತನ್ನ ಸ್ಥಾನವನ್ನು ಹೇಳುತ್ತದೆ.

ನಮ್ಮ ಮೂರು ಊರುಗಳನ್ನೇ ಇಟ್ಟು ನೋಡೋಣ. ಕ ಎಂದರೆ 1, ಖ ಎಂದರೆ 2, ಹೀಗೆ ವ್ಯಂಜನಗಳನ್ನು ಎಣಿಸಿದರೆ ತ 16, ಬ 23, ವ 29. ಗೂಡುಗಳು ಎಂಟು ಎಂದಿಟ್ಟುಕೊಳ್ಳಿ. ಸೊನ್ನೆಯಿಂದ ಏಳರವರೆಗೆ ಅವಕ್ಕೆ ಅಂಕಿ. ಮೊದಲ ಅಕ್ಷರದ ಸಂಖ್ಯೆಯನ್ನು ಎಂಟರಿಂದ ಭಾಗಿಸಿ ಉಳಿದ ಶೇಷವೇ ಗೂಡು. ತಿಕೋಟಾ ಸೊನ್ನೆಯ ಗೂಡಿಗೆ, ವಿಜಯಪುರ ಐದಕ್ಕೆ, ಬಬಲೇಶ್ವರ ಏಳಕ್ಕೆ. ಗೂಡುಗಳನ್ನು ಸಾಲಾಗಿ ನೋಡುತ್ತ ಹೋದರೆ ಪಟ್ಟಿ ಹೀಗೆ ಬರುತ್ತದೆ: ತಿಕೋಟಾ, ವಿಜಯಪುರ, ಬಬಲೇಶ್ವರ. ಮತ್ತಷ್ಟು ಊರುಗಳು ಸೇರಿ ಗೂಡುಗಳು ಬಹುಮಟ್ಟಿಗೆ ತುಂಬಿದಾಗ ಯಂತ್ರವು ಇಕ್ಕಟ್ಟಾಗದಿರಲೆಂದು ಅವುಗಳ ಸಂಖ್ಯೆಯನ್ನು ಇಮ್ಮಡಿ ಮಾಡಿ ಎಲ್ಲವನ್ನೂ ಮತ್ತೆ ಹಂಚುತ್ತದೆ. ಈಗ ಹದಿನಾರರಿಂದ ಭಾಗಿಸಿ ನೋಡಿ: ತಿಕೋಟಾ ಸೊನ್ನೆ, ಬಬಲೇಶ್ವರ ಏಳು, ವಿಜಯಪುರ ಹದಿಮೂರು. ನಿನ್ನೆ ನಡುವೆ ಇದ್ದ ವಿಜಯಪುರ ಇಂದು ಬಬಲೇಶ್ವರದ ಹಿಂದೆ ಬಂತು. ಯಾರೂ ಅದನ್ನು ಮುಟ್ಟಲಿಲ್ಲ. ಹೊಸಬರು ಬಂದರು, ಮನೆ ದೊಡ್ಡದಾಯಿತು, ಹಳಬರ ಪಂಕ್ತಿ ಬದಲಾಯಿತು, ಅಷ್ಟೆ. ನಿಜವಾದ ಯಂತ್ರದ ಲೆಕ್ಕ ಇದಕ್ಕಿಂತ ಬಹಳ ತೊಡಕಾದದ್ದು. ಮರ್ಮ ಮಾತ್ರ ಇದೇ.

ಸಾಫ್ಟ್‌ವೇರ್ ಬರೆಯುವವರು ತಮ್ಮ ಕೆಲಸವನ್ನು ಪರೀಕ್ಷಿಸಲು ಇನ್ನೊಂದು ಪ್ರೋಗ್ರಾಮನ್ನು ಬರೆದಿಡುತ್ತಾರೆ. ಅದು ನಿತ್ಯವೂ ಪ್ರಶ್ನೆ ಕೇಳಿ, ಬಂದ ಉತ್ತರವನ್ನು ಬರೆದಿಟ್ಟ ಉತ್ತರದೊಡನೆ ಹೋಲಿಸಿ, ಸರಿಯೋ ತಪ್ಪೋ ಹೇಳುತ್ತದೆ. ಯಾವನೋ ಒಬ್ಬ ಹಿಂದೆ ‘ತಿಕೋಟಾ, ವಿಜಯಪುರ, ಬಬಲೇಶ್ವರ’ ಎಂಬ ಸಾಲು ತೆರೆಯ ಮೇಲೆ ಬಂದದ್ದನ್ನು ನೋಡಿ ಅದನ್ನೇ ಸರಿಯುತ್ತರವೆಂದು ಬರೆದಿಟ್ಟ. ಅವನಿಗೆ ಬೇಕಾಗಿದ್ದುದು ಮೂರೂ ಊರುಗಳು ಇವೆಯೇ ಎಂಬುದು; ಅವನು ಬರೆದದ್ದು ಅವು ಇದೇ ಕ್ರಮದಲ್ಲಿವೆಯೇ ಎಂಬುದು. ವರ್ಷಗಟ್ಟಲೆ ಪರೀಕ್ಷೆ ಪಾಸಾಗುತ್ತ ಬಂತು. ಹುಡುಗ ಎರಡು ಊರು ಸೇರಿಸಿದ ದಿನ ಬಿತ್ತು.

ಇಲ್ಲಿ ಸೋತವರಾರು? ಪ್ರೋಗ್ರಾಮು ಸೋಲಲಿಲ್ಲ, ಹುಡುಗನೂ ಸೋಲಲಿಲ್ಲ. ಪರೀಕ್ಷೆಯೇ ಸೋತಿತು, ಅದೂ ಅಂದು ಸೋತದ್ದಲ್ಲ, ಬರೆದ ದಿನವೇ ಸೋತಿತ್ತು. ನಮ್ಮ ಹಳೆಯ ಕನ್ನಡ ಶಾಲೆಗಳ ಮಾಸ್ತರರು ಇದನ್ನು ಬಲ್ಲವರಾಗಿದ್ದರು. ಹುಡುಗ ಏಳರ ಮಗ್ಗಿಯನ್ನು ಮೊದಲಿನಿಂದ ಕೊನೆಯವರೆಗೆ ರಾಗವಾಗಿ ಹೇಳಿದನೆಂದು ಅವರು ಮೆಚ್ಚಿಬಿಡುತ್ತಿರಲಿಲ್ಲ. ಥಟ್ಟನೆ, “ಏಳೆಂಟ್ಲೆ ಎಷ್ಟೋ?” ಎಂದು ನಡುವೆ ಕೈಹಾಕುತ್ತಿದ್ದರು. ಏಳೊಂದ್ಲೆಯಿಂದ ಮನಸ್ಸಿನೊಳಗೇ ಓಡಿಬಂದು ಉತ್ತರ ಹೇಳುವ ಹುಡುಗನಿಗೆ ಬಂದಿರುವುದು ರಾಗ, ಲೆಕ್ಕವಲ್ಲ. ಸಾಲು ಕದಡಿದಾಗಲೇ ಇದು ಬಯಲಾಗುವುದು.

‘ಗೋ’ ಎಂಬ ಕಂಪ್ಯೂಟರ್ ಭಾಷೆಯನ್ನು ಕಟ್ಟಿದವರು ಈ ಮಾಸ್ತರರ ದಾರಿಯನ್ನೇ ಹಿಡಿದರು. 2012ರಲ್ಲಿ ಬಂದ ಅದರ ಮೊದಲ ಸ್ಥಿರ ಆವೃತ್ತಿಯಲ್ಲಿ, ಇಂಥ ಪಟ್ಟಿಯನ್ನು ಪ್ರತಿಸಲ ಓದುವಾಗಲೂ ಬೇರೆ ಬೇರೆ ಕಡೆಯಿಂದ ಆರಂಭವಾಗುವಂತೆ ಬೇಕೆಂದೇ ಮಾಡಿದರು. ಕ್ರಮ ಕೊಡುತ್ತೇವೆಂದು ನಾವು ಹೇಳಿಲ್ಲ, ಹೇಳದ್ದನ್ನು ನೀವು ನಂಬಿಕೊಳ್ಳಲೂ ಬಿಡುವುದಿಲ್ಲ ಎಂಬುದು ಅವರ ನಿಲುವು. ‘ಪೈಥಾನ್’ ಎಂಬ ಇನ್ನೊಂದು ಭಾಷೆಯ ಕಥೆ ಇದಕ್ಕೆ ಎದುರಾದುದು. 2016ರಲ್ಲಿ ಅದರ ನಿಘಂಟು ಎಂಬ ಪಟ್ಟಿಯನ್ನು ಕಡಮೆ ಜಾಗದಲ್ಲಿ ಇಡುವ ಹೊಸ ರೀತಿ ಬಂತು. ಅದರಿಂದ, ಸೇರಿಸಿದ ಕ್ರಮದಲ್ಲೇ ಹೆಸರುಗಳು ಹೊರಬರುವುದು ತಾನಾಗಿ ಒದಗಿತು. ಇದನ್ನು ನಂಬಬೇಡಿರೆಂದು ಮೊದಲು ಎಚ್ಚರಿಸಿದರು. ಆದರೆ 2018ರಲ್ಲಿ ಬಂದ ಆವೃತ್ತಿಯಲ್ಲಿ ಆ ಕ್ರಮವನ್ನು ಭಾಷೆಯ ನಿಯಮವೆಂದೇ ಸಾರಿದರು. ಆಕಸ್ಮಿಕವಾಗಿ ಆರಂಭವಾದದ್ದು ವಚನವಾಯಿತು.

ಒಬ್ಬರು ನಂಬಿಕೆ ಬೇರೂರುವ ಮೊದಲೇ ಕಿತ್ತರು. ಇನ್ನೊಬ್ಬರು ಅದನ್ನು ಮಾತಾಗಿ ಒಪ್ಪಿಕೊಂಡರು. ಎರಡೂ ಪ್ರಾಮಾಣಿಕವಾದ ದಾರಿಗಳೇ ಎಂದು ನನಗೆ ತೋರುತ್ತದೆ. ಅಪ್ರಾಮಾಣಿಕವಾದುದು ಮೂರನೆಯದು: ಜನ ನಂಬಿದ್ದಾರೆಂದು ತಿಳಿದೂ ಸುಮ್ಮನಿದ್ದು, ಕೊನೆಗೊಂದು ದಿನ ಕೈಕೊಟ್ಟು, “ನಾವೆಲ್ಲಿ ಮಾತು ಕೊಟ್ಟಿದ್ದೆವು?” ಎನ್ನುವುದು.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ. ಕೊಡದ ಮಾತನ್ನು ನಂಬಬಾರದೆಂದರೆ ಬಾಳುವುದು ಹೇಗೆ? ನಾಳೆ ಹುಟ್ಟುವೆನೆಂದು ಸೂರ್ಯನು ಯಾರಿಗೂ ಕಾಗದ ಬರೆದುಕೊಟ್ಟಿಲ್ಲ. ನಿಜ. ಆದರೆ ಸೂರ್ಯೋದಯಕ್ಕೆ ಕಾರಣವುಂಟು. ಆ ಕಾರಣ ನಮಗೆ ಗೊತ್ತುಂಟು. ‘ಇದು ಹೀಗೇ ಏಕೆ ಆಗುತ್ತದೆ?’ ಎಂದು ಕೇಳಿದರೆ, ‘ಇಷ್ಟು ದಿನ ಹೀಗೇ ಆಗಿದೆ’ ಎಂಬುದೊಂದೇ ಉತ್ತರವಾದರೆ ಅದು ನಂಬಿಕೆಯಲ್ಲ, ಬರಿಯ ರೂಢಿ. ಇದನ್ನು ವಿಜಯಪುರದ ಸೀಮೆಯ ಒಕ್ಕಲಿಗನಿಗೆ ಯಾರೂ ಕಲಿಸಬೇಕಾಗಿಲ್ಲ. ಹೋದ ವರ್ಷದ ಮಳೆ ಈ ವರ್ಷದ ಮಳೆಗೆ ಜಾಮೀನಲ್ಲವೆಂದು ಬರಗಾಲಗಳು ಅವನಿಗೆ ಕಲಿಸಿವೆ. ಎರೆಯ ಹೊಲದಲ್ಲಿ ಹಿಂಗಾರಿ ಜೋಳದ ನಡುವೆ ಅವನು ಕುಸುಬಿಯ ಸಾಲು ಹಾಕುತ್ತಾನೆ. ಒಂದು ಕೈಬಿಟ್ಟರೆ ಇನ್ನೊಂದು ಇರಲಿ ಎಂದು. ಅವನು ಮಳೆಯನ್ನು ನಂಬದವನಲ್ಲ. ಮಳೆ ಕೊಡದ ಮಾತನ್ನು ಅದರ ಬಾಯಲ್ಲಿ ಇಡದವನು.

ನಮ್ಮ ಮನೆಗಳಲ್ಲಿ ಮಾತ್ರ ಈ ವಿವೇಕ ಕಡಮೆ. ಕೂಡು ಮನೆಯೊಂದರಲ್ಲಿ ಕಿರಿಯ ಸೊಸೆ ನಸುಕಿನಲ್ಲೆದ್ದು ಎಲ್ಲರಿಗೂ ರೊಟ್ಟಿ ಬಡಿಯುತ್ತಾಳೆ. ಹೀಗೆ ಮಾಡೆಂದು ಯಾರೂ ಅಂದಿಲ್ಲ, ಮಾಡುವೆನೆಂದು ಅವಳೂ ಅಂದಿಲ್ಲ. ಮೊದಲ ವಾರ ಅದು ಅವಳ ಒಳ್ಳೆಯತನ; ಮೊದಲ ವರ್ಷ ಅವಳ ರೂಢಿ; ಹತ್ತು ವರ್ಷದ ಮೇಲೆ ಅವಳ ಕರ್ತವ್ಯ. ಒಂದು ದಿನ ಮೈಯಲ್ಲಿ ಆಗದೆಯೋ ಮನಸ್ಸಿನಲ್ಲಿ ಆಗದೆಯೋ ಅವಳು ಏಳದಿದ್ದರೆ, “ಮೊದಲಿನಂಗಿಲ್ಲ, ಬದಲಾಗ್ಯಾಳ” ಎಂದು ಮನೆಯೆಲ್ಲ ಅನ್ನುತ್ತದೆ. ಕೊಟ್ಟದ್ದನ್ನು ಎಣಿಸದವರು ನಿಲ್ಲಿಸಿದ್ದನ್ನು ಎಣಿಸುತ್ತಾರೆ. ಹಳೆಯ ಪರೀಕ್ಷೆ ಹುಡುಗನ ಮೇಲೆ ಮಾಡಿದ ಅನ್ಯಾಯವೂ ಇದೇ ಜಾತಿಯದು: ದೊರೆತದ್ದನ್ನೆಲ್ಲ ಹಕ್ಕೆಂದು ಬರೆದಿಟ್ಟುಕೊಂಡು, ದೊರೆಯದ ದಿನ ಎದುರಿಗೆ ನಿಂತವನನ್ನು ಅಪರಾಧಿಯೆನ್ನುವುದು.

ಹಾಗೆಂದು ಕೊಡುವವನಿಗೆ ಯಾವ ಹೊಣೆಯೂ ಇಲ್ಲವೆಂದು ನಾನು ಹೇಳಲಾರೆ. ನನ್ನ ಭುಜದ ಮೇಲೆ ಒಬ್ಬ ಒರಗಿ ನಿಂತಿರುವುದು ನನಗೆ ತಿಳಿದಿದ್ದರೆ, ಒರಗೆಂದು ನಾನು ಕರೆಯದಿದ್ದರೂ, ಸರಿಯುವ ಮುನ್ನ “ಸರೀತೀನಿ ನೋಡಪಾ” ಎಂಬ ಒಂದು ಮಾತಿಗಾದರೂ ನಾನು ಋಣಿ. ಪೈಥಾನ್ ಕಟ್ಟಿದವರ ಬಗ್ಗೆ ನನಗೆ ಗೌರವ ಹುಟ್ಟಿದ್ದು ಇದಕ್ಕಾಗಿ. ಆದರೆ ಈ ಹೊಣೆ ಆ ಮಾತಿನೊಡನೆ ಮುಗಿಯುತ್ತದೆ. ಜನ್ಮವಿಡೀ ಅಲ್ಲಾಡದೆ ನಿಲ್ಲುವುದಕ್ಕೆ ಬೆಳೆಯುವುದಿಲ್ಲ.

ಪರೀಕ್ಷಿಸುವವನ ಹೊಣೆ ಇನ್ನೂ ಹೆಚ್ಚಿನದು. ತನಗೆ ಬೇಕಾದುದೇನೆಂದು ಅವನು ಮೊದಲು ತನ್ನನ್ನೇ ಕೇಳಿಕೊಳ್ಳಬೇಕು. ಮೂರು ಊರುಗಳು ಬೇಕಾದರೆ ಮೂರಿವೆಯೇ ಎಂದಷ್ಟೇ ಕೇಳಲಿ. ಕ್ರಮವೂ ಬೇಕಾದರೆ ಯಾವ ಕ್ರಮವೆಂದು ಬಾಯಿಬಿಟ್ಟು ಹೇಳಿ, ತಾನೇ ಹಾಗೆ ಜೋಡಿಸಿಕೊಳ್ಳಲಿ. ಸಾಫ್ಟ್‌ವೇರಿನವರು ಮಾಡುವ ಪರಿಹಾರವೂ ಇಷ್ಟೇ. ಒಂದು ಸಾಲಿನ ಕೆಲಸ. ಮನೆಯಲ್ಲಿಯೂ ಒಂದು ಸಾಲಿನ ಕೆಲಸವೇ: “ಇದನ್ನು ನೀ ಮಾಡ್ತೀಯೇನವಾ?” ಎಂದು ಕೇಳುವುದು. ಕೇಳಿದರೆ ‘ಇಲ್ಲ’ವೆಂದಾಳೆಂಬ ಅಂಜಿಕೆಯಿಂದಲೇ ನಾವು ಕೇಳದೆ ಉಳಿಯುತ್ತೇವೆ, ಕೇಳದಿದ್ದರೆ ಎಂದೆಂದಿಗೂ ನಡೆದೀತೆಂಬ ಆಸೆ.

ಹುಡುಗ ರಜೆ ಮುಗಿಸಿ ಹೊರಡುವಾಗ, “ಈಗ ಏನು ಮಾಡ್ತೀಯೋ ತಮ್ಮಾ?” ಎಂದು ಕೇಳಿದೆ. “ಬಿದ್ದ ಪರೀಕ್ಷಾ ಎಲ್ಲಾ ತಿದ್ದಿ ಬಂದೀನ್ರಿ ಕಾಕಾ. ಇನ್ನ ಪಾಸಾದವನ್ನ ತಗದು ನೋಡಬೇಕು” ಎಂದ. ನಾನು ಸುಮ್ಮನಾದೆ. ಬಿದ್ದದ್ದನ್ನು ನೋಡುವವರು ಬಹಳ ಮಂದಿ. ಇದುವರೆಗೆ ಸರಿಯಾಗಿಯೇ ನಡೆದು ಬಂದದ್ದನ್ನು ಎತ್ತಿ ಹಿಡಿದು, ಇದು ಯಾರು ಕೊಟ್ಟ ಮಾತಿನ ಮೇಲೆ ನಿಂತಿದೆ ಎಂದು ಕೇಳುವವರು ಕಡಮೆ. ಅಂದು ರಾತ್ರಿ ನನ್ನ ಮನೆಯಲ್ಲಿ ಕೇಳದೆಯೇ ದೊರೆಯುತ್ತ ಬಂದಿರುವುದನ್ನು ಬೆರಳೆಣಿಸಿ ನೋಡಿದೆ. ಎರಡು ಕೈಯ ಬೆರಳುಗಳು ಸಾಲಲಿಲ್ಲ.